ತೌಡು, ಹಿಂಡಿ, ಡಬ್ಬಿ: ಸಾಕಣೆ ಮೀನಿಗೆ ಪೂರಕಗಳು ಬಂದ ದಾರಿ

ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಭಾಗವು ಭತ್ತದ ಕಣಜವಾಯಿತು. ಜೊತೆಗೇ ತಗ್ಗಿನ ಹೊಲಗಳು ಸವಳು–ಜವಳಿಗೆ ತುತ್ತಾದವು. ಅಂಥ ಹೊಲಗಳಲ್ಲಿ ಕೆಲವು ಇಂದು ಮೀನಿನ ಹೊಂಡಗಳಾಗಿವೆ. ದಂಡೆಯ ತಗಡಿನ ಶೆಡ್ಡಿನಲ್ಲಿ ತೌಡು ಮತ್ತು ಶೇಂಗಾ ಹಿಂಡಿಯ ಚೀಲಗಳ ಪಕ್ಕಕ್ಕೆ ಈಗ ವಿಟಮಿನ್, ಖನಿಜ ಮಿಶ್ರಣ, ಪ್ರೊಬಯಾಟಿಕ್‌ಗಳ ಡಬ್ಬಿಗಳು ಸೇರಿಕೊಂಡಿವೆ. ಮೇವಿನಲ್ಲಿ ಯಾವಾಗ ಏನು ಕೊರತೆಬಿತ್ತು ಎಂಬುದನ್ನು ತಿಳಿಯದೆ ಈ ಡಬ್ಬಿಗಳು ಅರ್ಥವಾಗುವುದಿಲ್ಲ.

ಕೆರೆಯ ಮೀನಿಗೆ ಹಿಂದೆ ಪೂರಕದ ಮಾತೇ ಇರಲಿಲ್ಲ. ಗೆಂಡೆ ಜಾತಿಯ ಮೀನುಗಳಲ್ಲಿ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇದುಕೊಳ್ಳುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ಮರಿಗಾಗಿ ನದಿಯನ್ನೇ ನಂಬಬೇಕಾದ ಸ್ಥಿತಿ ಕ್ರಮೇಣ ತಪ್ಪಿ, ಒಂದೇ ಹೊಂಡದಲ್ಲಿ ಸಾವಿರಾರು ಮರಿಗಳನ್ನು ಬಿಡುವುದು ಸಾಧ್ಯವಾಯಿತು. ಅಷ್ಟು ಬಾಯಿಗಳಿಗೆ ನೀರಿನೊಳಗಿನ ಮೇವು ಸಾಲದೆ ತೌಡು, ಹಿಂಡಿ ಬಂದವು; ಅವುಗಳ ಕೊರತೆಗಳೂ ಹಿಂದೆಯೇ ಬಂದವು.

ತೌಡಿನಲ್ಲಿ ರಂಜಕ ಧಾರಾಳವಾಗಿದೆ, ಆದರೆ ಬಹುಪಾಲು ಫೈಟೇಟ್ ಎಂಬ, ಮೀನಿಗೆ ಜೀರ್ಣವಾಗದ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಗೆಂಡೆ ಮೀನಿಗೆ ಜಠರವೇ ಇಲ್ಲವಾದ್ದರಿಂದ, ಆಮ್ಲವಿಲ್ಲದ ಅದರ ಕರುಳಿನಲ್ಲಿ ಮೂಳೆಪುಡಿಯ ರಂಜಕವೂ ಸರಿಯಾಗಿ ಕರಗದು. ಸುಲಭವಾಗಿ ಕರಗುವ ಮೋನೊಕ್ಯಾಲ್ಸಿಯಂ ಫಾಸ್ಫೇಟ್ ಖನಿಜ ಮಿಶ್ರಣಕ್ಕೆ ಸೇರಿದ್ದು ಇದೇ ಕಾರಣಕ್ಕೆ. ವಿಟಮಿನ್ ಸಿಯ ಕಥೆಯೂ ಹೀಗೆಯೇ. ನಾವು ಸಾಕುವ ಬಹುತೇಕ ಮೀನುಗಳು ಮನುಷ್ಯರಂತೆ ಅದನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರವು. ಅಮೆರಿಕದಲ್ಲಿ ಪಂಜರದೊಳಗೆ ಬೆಳೆಸಿದ ಕ್ಯಾಟ್‌ಫಿಶ್‌ಗಳ ಬೆನ್ನು ಡೊಂಕಾದುದನ್ನು 1970ರ ದಶಕದಲ್ಲಿ ಗಮನಿಸಿ, ಕಾರಣ ಈ ವಿಟಮಿನ್ನಿನ ಕೊರತೆ ಎಂದು ಗುರುತಿಸಲಾಯಿತು. ಪಾಚಿಯಿಂದ ಹಸಿರಾದ ನೀರಿನ ಹೊಂಡದಲ್ಲಿ, ಹದವಾದ ಸಂಖ್ಯೆಯಲ್ಲಿರುವ ರೋಹುವಿಗೆ ಇದರ ಬಹುಭಾಗ ನೀರಿನಿಂದಲೇ ಸಿಗುತ್ತದೆ ಎಂಬುದನ್ನು ಮಾತ್ರ ಡಬ್ಬಿ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ನಮ್ಮ ಭಾಗಕ್ಕೆ ಹೆಚ್ಚು ತಟ್ಟುವ ಸಂಗತಿ ಬೂಷ್ಟಿನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಕಾರಣ ಹುಡುಕುತ್ತ ಹೋದವರು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯನ್ನು ತಲುಪಿದರು. ಅದರ ಬೂಷ್ಟಿನಲ್ಲಿದ್ದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಅದೇ ಕಾಲದಲ್ಲಿ ಅಮೆರಿಕದ ಟ್ರೌಟ್ ಮೀನುಗಳಲ್ಲಿ ವ್ಯಾಪಕವಾಗಿ ಕಂಡ ಯಕೃತ್ತಿನ ಕ್ಯಾನ್ಸರ್‌ಗೂ ಇದೇ ವಿಷ ಕಾರಣವಾಗಿತ್ತು. ಅಲ್ಲಿ ಅದು ಹತ್ತಿಕಾಳಿನ ಹಿಂಡಿಯಲ್ಲಿತ್ತು. ಶೇಂಗಾ, ಹತ್ತಿ ಎರಡೂ ಬಳ್ಳಾರಿ, ರಾಯಚೂರಿನ ಬೆಳೆಗಳೇ. ಕುದಿಸಿದರೂ ಈ ವಿಷ ಹೋಗದು. ಅದನ್ನು ಹಿಡಿದಿಡಲೆಂದು ಜೇಡಿಮಣ್ಣಿನ ಪುಡಿಗಳು ಮಾರಾಟಕ್ಕಿವೆ, ಆದರೆ ಮಳೆಗೆ ತೊಯ್ದು ಹೆಪ್ಪುಗಟ್ಟಿದ ಹಿಂಡಿಗೆ ಪುಡಿ ಬೆರೆಸುವುದಕ್ಕಿಂತ ಅದನ್ನು ತಿಪ್ಪೆಗೆ ಹಾಕುವುದೇ ಅಗ್ಗ. ಚೀಲದೊಳಗೆ ಮೊಣಕೈವರೆಗೆ ಕೈಯಿಟ್ಟು ತೆಗೆದ ತೌಡು ಬಿಸಿಯಾಗಿದ್ದು ಕಮಟು ವಾಸನೆ ಬಂದರೆ ಅದಕ್ಕೂ ಅದೇ ಮಾತು.

ಆ್ಯಂಟಿಬಯಾಟಿಕ್‌ಗಳನ್ನೂ ಒಂದು ಕಾಲಕ್ಕೆ ಬೆಳವಣಿಗೆಯ ಮದ್ದಿನಂತೆ ಪಶುಗಳ ಮೇವಿಗೆ ಬೆರೆಸುತ್ತಿದ್ದರು. ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಆ ಬಳಕೆಯನ್ನು ನಿಲ್ಲಿಸಿತು. ಮೀನು ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಆ್ಯಂಟಿಬಯಾಟಿಕ್‌ಗಳಿಗೆ ನಮ್ಮಲ್ಲೂ ನಿಷೇಧವಿದೆ. ತೆರವಾದ ಜಾಗಕ್ಕೆ ಪ್ರೊಬಯಾಟಿಕ್, ಅಂದರೆ ಜೀವಂತ ಉಪಕಾರಿ ಬ್ಯಾಕ್ಟೀರಿಯಾಗಳ ಪುಡಿ, ಬಂದಿತು. ಇದರಲ್ಲಿ ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದ ಬೀಜಕಗಳಾಗಿ ಉಳಿದು ಬಿಸಿಯನ್ನು ತಾಳುತ್ತವೆ, ಲ್ಯಾಕ್ಟೋಬ್ಯಾಸಿಲಸ್ ತಾಳದು. ಹಾಗಾಗಿ ಡಬ್ಬಿಯ ಮೇಲೆ ಯಾವ ಬ್ಯಾಕ್ಟೀರಿಯಾ, ಗ್ರಾಂಗೆ ಎಷ್ಟು, ಯಾವ ತಾರೀಖಿನವರೆಗೆ ಎಂಬುದು ನಮೂದಾಗಿರಬೇಕು. ಇಲ್ಲವಾದರೆ, ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ತಗಡಿನ ಶೆಡ್ಡಿನೊಳಗೆ ವಾರಗಟ್ಟಲೆ ಇದ್ದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ತೌಡಿಗೆ ಹಚ್ಚುವ ರೈತ ಮೀನಿಗೆ ಉಣಿಸುತ್ತಿರುವುದು ಬಹುಶಃ ಬೆಲ್ಲವನ್ನಷ್ಟೇ.