ಕಿಡ್ನಿ ಕಸಿ: ಬಸಿಗಾಲುವೆ ಇಲ್ಲದ ಗದ್ದೆ

ದಾವಣಗೆರೆಯಲ್ಲಿ ವೈದ್ಯಕೀಯ ಓದುವ ನಾವೆಲ್ಲ ಕಿಡ್ನಿ ಕಸಿ ಎಂದ ಕೂಡಲೇ ರಕ್ತ ತರುವ ಅಪಧಮನಿಯ ಚಿತ್ರ ಬರೆಯಲು ಕೂರುತ್ತೇವೆ. ನಾನು ಮಲೇಬೆನ್ನೂರಿನ ಕಡೆಯವನು. ಭದ್ರಾ ನಾಲೆಯ ನೀರು ಬಂದರಷ್ಟೇ ಸಾಲದು, ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆ ಜವಳಾಗುತ್ತದೆ ಎಂಬುದನ್ನು ಮನೆಯಲ್ಲೇ ಕಲಿತವನು. ಎರಡು ಕಿಡ್ನಿಗಳಿಗೆ ನಿಮಿಷಕ್ಕೆ 1 ಲೀಟರಿಗೂ ಹೆಚ್ಚು ರಕ್ತ ಬರುತ್ತದೆ. ಬಂದದ್ದಕ್ಕೆ ಹೋಗುವ ದಾರಿ, ಅಂದರೆ ಅಭಿಧಮನಿ, ಬೇಡವೇ?

ಹೊಸ ಕಿಡ್ನಿಯನ್ನು ಸಾಮಾನ್ಯವಾಗಿ ಕಿಬ್ಬೊಟ್ಟೆಯ ಬಲಬದಿಯಲ್ಲಿಟ್ಟು, ಅದರ ಅಭಿಧಮನಿಯನ್ನು ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಹೊರ ಇಲಿಯಾಕ್ ಅಭಿಧಮನಿಗೆ ಹೊಲಿಯುತ್ತಾರೆ. ದಾನಿಯ ಎಡ ಕಿಡ್ನಿಯೇ ಹೆಚ್ಚು ಇಷ್ಟ: ಅದರ ಅಭಿಧಮನಿ 6ರಿಂದ 10 ಸೆಂ.ಮೀ. ಉದ್ದ, ಬಲಗಡೆಯದು 2ರಿಂದ 4.

ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ಕೆಳ ಮಹಾ ಅಭಿಧಮನಿ ಭ್ರೂಣದ ಮೂರು ಜೋಡಿ ನಾಳಗಳಲ್ಲಿ ಕೆಲವು ಬೆಸೆದು, ಕೆಲವು ಅಳಿದು ರೂಪುಗೊಳ್ಳುತ್ತದೆ. ಅಳಿಯಬೇಕಾದದ್ದು ಉಳಿದರೆ ಎರಡು ನಾಳ, ಇಲ್ಲವೇ ಎಡಬದಿಯ ನಾಳ. ಇವಕ್ಕೆ ಹೆದರಬೇಕಿಲ್ಲ, ಇಲಿಯಾಕ್ ನಾಳ ತೆರೆದಿದ್ದರೆ ಹೊಲಿಗೆ ಎಂದಿನಂತೆಯೇ. ಮಹಾ ಅಭಿಧಮನಿಯಲ್ಲಿ ಕಿಡ್ನಿಗಿಂತ ಕೆಳಗಿರುವ ಭಾಗವೇ ಇಲ್ಲದಿದ್ದರೆ ಮಾತು ಬೇರೆ. ಈ ದಾರಿ ಕಟ್ಟಲು ನಾವು ಮರೆಯುವ ಇನ್ನೊಂದು ಕಾರಣ ಹುಟ್ಟಿನದಲ್ಲ: ಡಯಾಲಿಸಿಸ್‌ಗೆಂದು ತೊಡೆಸಂದಿಯಲ್ಲಿ ಪದೇ ಪದೇ ಹಾಕಿದ ಕ್ಯಾಥೆಟರ್ ಎಂಬ ಕೊಳವೆ. ರಕ್ತ ಹೆಪ್ಪುಗಟ್ಟಿ ಇಲಿಯಾಕ್ ನಾಳವೇ ಮುಚ್ಚಿರಬಹುದು.

ಆದ್ದರಿಂದ ಸಿಟಿ ವೆನೋಗ್ರಫಿಗೆ (ಅಭಿಧಮನಿಗಳ ಸ್ಕ್ಯಾನ್) ಬರೆಯುವ ಮೊದಲು ಹೊದಿಕೆ ಸರಿಸಿ ನೋಡಿ. ಕ್ಯಾಥೆಟರಿನ ಹಳೆಯ ಕಲೆ, ಊದಿದ ಕಾಲು, ಹೊಟ್ಟೆಯ ಮೇಲೆ ಹುರಿಯಂತೆ ಎದ್ದ ನಾಳ. ಹೊಕ್ಕುಳ ಕೆಳಗಿನ ಅಂಥದೊಂದು ನಾಳವನ್ನು ಎರಡು ಬೆರಳಿನಿಂದ ಒತ್ತಿ ಬರಿದು ಮಾಡಿ, ಒಂದೊಂದೇ ಬೆರಳು ಎತ್ತಿ. ಸಹಜವಾಗಿ ಅಲ್ಲಿ ರಕ್ತ ಕೆಳಕ್ಕೆ ಹರಿಯಬೇಕು. ಕೆಳಗಿನಿಂದ ಮೇಲಕ್ಕೆ ತುಂಬಿದರೆ ಮಹಾ ಅಭಿಧಮನಿಯ ಮೇಲೆಯೇ ಅನುಮಾನ.

ಹಾಗೆಂದು ಕಸಿಯ ಆಸೆ ಬಿಡಬೇಕಿಲ್ಲ. ರೋಗಿಯದೇ ಎಡ ಕಿಡ್ನಿಯ ಅಭಿಧಮನಿ, ಗುಲ್ಮದ್ದು (ಸ್ಪ್ಲೀನ್), ಸಣ್ಣ ಕರುಳಿನದು, ಚೆನ್ನಾಗಿ ಹಿಗ್ಗಿದ ಬಳಸುದಾರಿಯ ನಾಳ: ಇವೆಲ್ಲಕ್ಕೂ ಹೊಲಿದದ್ದುಂಟು. ಆಗ ಕಿಡ್ನಿಯನ್ನು ಮೇಲೆ ಇಡಬೇಕಾಗುತ್ತದೆ, ಅದರ ಮೂತ್ರನಾಳ ಮೂತ್ರಕೋಶಕ್ಕೆ ಎಟುಕದಿರಬಹುದು. ರೋಗಿಯ ಹಳೆಯ ಮೂತ್ರನಾಳಕ್ಕೇ ಜೋಡಿಸುವುದು ಒಂದು ಉಪಾಯ. (ಪರೀಕ್ಷೆಯಲ್ಲಿ ಇದನ್ನು ಬರೆಯುವವರು ಕಡಿಮೆ.)

ಹೊಲಿಗೆ ಮುಗಿದು ನಾಳಗಳನ್ನು ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಮಂಕಾಗಿದ್ದ ಕಿಡ್ನಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸರಿ. ನೀಲಿಗಟ್ಟಿ ಬಿರಿಯುವಂತೆ ಊದಿದರೆ ಬಸಿಗಾಲುವೆ ಕಟ್ಟಿದೆ. ವಾರ್ಡಿಗೆ ಬಂದ ಮೇಲೆ ಮೂತ್ರ ತಟ್ಟನೆ ನಿಂತು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಅಭಿಧಮನಿಯ ಹರಿವು ಕಾಣದೆ, ಅಪಧಮನಿಯ ರಕ್ತ ಹೃದಯ ಸಡಿಲಗೊಳ್ಳುವ ಹೊತ್ತಿನಲ್ಲಿ ಹಿಂದಕ್ಕೆ ಸರಿದರೆ, ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ಶಸ್ತ್ರಚಿಕಿತ್ಸಕರನ್ನು ಕರೆಯಿರಿ.