ಒಂದೇ ರಿಸೀವರ್, ಎರಡು ಮಾತು: ಕೊಡಗಿನ ಮನೆಗಳಲ್ಲಿ ಸರೌಂಡ್ ಸೌಂಡ್

ಹೋಮ್ ಥಿಯೇಟರಿಗೆಂದು ಎ.ವಿ. (ಆಡಿಯೊ-ವಿಡಿಯೊ) ರಿಸೀವರ್ ಕೊಳ್ಳಲು ಹೊರಟವರು ವಿರಾಜಪೇಟೆಯಲ್ಲಿರಲಿ, ಸೋಮವಾರಪೇಟೆಯಲ್ಲಿರಲಿ, ಮೊದಲು ಮಾಡುವ ಕೆಲಸವೆಂದರೆ ಅದನ್ನು ಈಗಾಗಲೇ ಕೊಂಡವರನ್ನು ವಿಚಾರಿಸುವುದು. ಕೂತು ಕೇಳಿ ನೋಡುವಂಥ ಅಂಗಡಿ ಸುಲಭಕ್ಕೆ ಸಿಗದ ಗುಡ್ಡಗಾಡಿನ ಜಿಲ್ಲೆಯಲ್ಲಿ ಇದು ಸಹಜವೂ ಹೌದು, ವಿವೇಕದ ನಡೆಯೂ ಹೌದು. ಆದರೆ ವಿಚಾರಿಸಿದಷ್ಟೂ ಗೊಂದಲ ಹೆಚ್ಚುತ್ತದೆ. ಒಂದೇ ಮಾದರಿಯ ರಿಸೀವರ್ ಬಗ್ಗೆ ಒಬ್ಬರು ಸಂಭಾಷಣೆಯ ಒಂದೊಂದು ಪದವೂ ಬಿಡಿಸಿ ಕೇಳುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಮಾತೇ ಕೇಳುವುದಿಲ್ಲ ಎನ್ನುತ್ತಾರೆ. ಒಬ್ಬರಿಗೆ ಅದರ ಬಾಸ್ (ಕೆಳದನಿ) ಎದೆ ನಡುಗಿಸುವಷ್ಟು ಹೆಚ್ಚು, ಇನ್ನೊಬ್ಬರಿಗೆ ಬಾಸ್ ಇದೆಯೆಂದೇ ಗೊತ್ತಾಗುವುದಿಲ್ಲ. ಇಬ್ಬರೂ ತಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದಾರೆ. ಅವರ ಮಾತು ಪೆಟ್ಟಿಗೆಯೊಂದರ ಬಗ್ಗೆ ಮಾತ್ರ ಇರುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಆ ಪೆಟ್ಟಿಗೆ ಕೂತ ಕೋಣೆ, ಅದಕ್ಕೆ ಬರುವ ವಿದ್ಯುತ್ತು, ಮೇಲೆ ಸುರಿಯುವ ಮಳೆ, ಕೊಂಡವರ ನಿರೀಕ್ಷೆ ಇವೆಲ್ಲವೂ ಆ ಒಂದು ವಾಕ್ಯದಲ್ಲಿ ಬೆರೆತಿರುತ್ತವೆ. ಬೆರೆತದ್ದನ್ನು ಬೇರ್ಪಡಿಸಲು ಭೌತವಿಜ್ಞಾನ ಬಹಳಷ್ಟು ನೆರವಾಗುತ್ತದೆ.

ರಿಸೀವರ್ ಮಾಡುವ ಕೆಲಸ ಮೂಲದಲ್ಲಿ ಸರಳವಾದದ್ದು. ಟಿ.ವಿ., ಡಿಟಿಎಚ್ ಪೆಟ್ಟಿಗೆ ಅಥವಾ ಡಿಸ್ಕ್ ಪ್ಲೇಯರಿನಿಂದ ಬರುವ ಸಂಕೇತವನ್ನು ಅದು ಬಿಡಿಸುತ್ತದೆ, ಮುಂದಿನ ಎಡ ಬಲ, ನಡುವಿನದು, ಹಿಂದಿನ ಎಡ ಬಲ ಎಂದು ವಾಹಿನಿಗಳಾಗಿ ವಿಂಗಡಿಸುತ್ತದೆ, ಅತಿ ಕೆಳದನಿಯನ್ನು ಸಬ್ ವೂಫರಿಗೆ ಕಳಿಸುತ್ತದೆ, ಉಳಿದದ್ದನ್ನು ವರ್ಧಿಸಿ ಸ್ಪೀಕರುಗಳಿಗೆ ಕೊಡುತ್ತದೆ. ಐದು ವಾಹಿನಿ ಮತ್ತು ಒಂದು ಸಬ್ ವೂಫರಿನ ಈ ವ್ಯವಸ್ಥೆಗೇ 5.1 ಎಂದು ಹೆಸರು. ಇಂಥ 5.1 ಶಬ್ದವನ್ನು ಹೊತ್ತೊಯ್ಯುವ ಡಾಲ್ಬಿ ಡಿಜಿಟಲ್ ಚಿತ್ರಮಂದಿರಗಳಿಗೆ ಬಂದದ್ದು 1992ರಲ್ಲಿ. ತಲೆಯ ಮೇಲಿನಿಂದಲೂ ಶಬ್ದ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗಳಿಗೂ ಬಂತು. ರೇ ಡಾಲ್ಬಿ ಅವರು 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆಯನ್ನು ಕಟ್ಟುವ ಮೊದಲು ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿ ಕೆಲಸ ಮಾಡಿದ್ದರು ಎಂಬುದನ್ನು ನಮ್ಮ ಓದುಗರು ತಿಳಿದಿರಬೇಕು.

ಈ ವಿಂಗಡಣೆಯ ಕೆಲಸವನ್ನು ಇಂದಿನ ರಿಸೀವರುಗಳೆಲ್ಲ ಬಹುಮಟ್ಟಿಗೆ ಒಂದೇ ರೀತಿಯಲ್ಲಿ, ಚೆನ್ನಾಗಿಯೇ ಮಾಡುತ್ತವೆ. ನಿಜವಾದ ವ್ಯತ್ಯಾಸ ಹುಟ್ಟುವುದು ಶಬ್ದ ಸ್ಪೀಕರಿನಿಂದ ಹೊರಬಿದ್ದ ಮೇಲೆ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ ಅವರಿಗೆ ಒಂದು ಉಪನ್ಯಾಸ ಸಭಾಂಗಣವನ್ನು ಸರಿಪಡಿಸುವ ಹೊಣೆ ಬಂತು. ಅಲ್ಲಿ ಆಡಿದ ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿದು ಮುಂದಿನ ಮಾತುಗಳನ್ನು ನುಂಗಿಹಾಕುತ್ತಿತ್ತು. ಸೇಬಿನ್ ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ತರಿಸಿ, ಒಂದೊಂದು ಮೆತ್ತೆ ಸೇರಿದಂತೆಲ್ಲ ಶಬ್ದ ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಅನುರಣನದ, ಅಂದರೆ ಹೀಗೆ ಶಬ್ದ ಕೋಣೆಯಲ್ಲಿ ಉಳಿದು ಮೊಳಗುವುದರ, ಅವಧಿ ಕೋಣೆಯ ಘನಗಾತ್ರಕ್ಕೆ ನೇರವಾಗಿಯೂ ಅದರೊಳಗಿನ ವಸ್ತುಗಳ ಹೀರುವಿಕೆಗೆ ವಿಲೋಮವಾಗಿಯೂ ಇರುತ್ತದೆ ಎಂಬ ಸೂತ್ರ ಹೊರಬಂದದ್ದು ಆ ಪ್ರಯೋಗಗಳಿಂದ.

ಈ ಸೂತ್ರವನ್ನು ಕೊಡಗಿನ ಎರಡು ಬಗೆಯ ಮನೆಗಳಿಗೆ ಹಚ್ಚಿ ನೋಡೋಣ. ಕುಶಾಲನಗರದ ಹೊಸ ಬಡಾವಣೆಯ ತಾರಸಿ ಮನೆಯೊಂದರ ಹಜಾರ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ ಇದೆಯೆನ್ನಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ದೊಡ್ಡ ಗಾಜಿನ ಕಿಟಕಿ, ಸುತ್ತ ನುಣುಪಾದ ಗೋಡೆ. ಅದರ ಒಟ್ಟು ಹೀರುವಿಕೆ 10 ಚದರ ಮೀಟರಿನಷ್ಟಾದರೆ (ಅಂದರೆ ಬಿದ್ದ ಶಬ್ದವನ್ನೆಲ್ಲ ನುಂಗುವ ಅಷ್ಟು ಮೇಲ್ಮೈಗೆ ಸಮನಾದರೆ) ಅನುರಣನ ಸುಮಾರು 1 ಸೆಕೆಂಡ್ ಉಳಿಯುತ್ತದೆ. ಅಷ್ಟೇ ಘನಗಾತ್ರದ ಹಳೆಯ ಹಂಚಿನ ಮನೆಯಲ್ಲಿ ಮರದ ಮುಚ್ಚಿಗೆ, ಮೇಲೆ ಅಟ್ಟ, ದಪ್ಪ ಪರದೆ, ಹತ್ತಿಯ ಹಾಸು, ಮೆತ್ತನೆಯ ಸೋಫಾ, ಪುಸ್ತಕದ ಕಪಾಟು ಸೇರಿ ಹೀರುವಿಕೆ 24 ಚದರ ಮೀಟರಿಗೆ ಏರಿದರೆ ಅನುರಣನ 0.4 ಸೆಕೆಂಡಿಗೆ ಇಳಿಯುತ್ತದೆ. ಮೊದಲನೆಯ ಮನೆಯವರು ರಿಸೀವರಿನ ಧ್ವನಿ ಕರ್ಕಶ, ಮಾತು ಕಲಸಿಹೋಗುತ್ತದೆ ಎಂದು ಹೇಳಿದರೆ, ಎರಡನೆಯ ಮನೆಯವರು ಅದೇ ಪೆಟ್ಟಿಗೆಯನ್ನು ಬಾಯ್ತುಂಬ ಹೊಗಳುತ್ತಾರೆ. ತೆಳುವಾದ ಮರದ ಹಲಗೆಯ ಹಿಂದೆ ಗಾಳಿಯ ಜಾಗವಿದ್ದರೆ ಅದು ತಾನೂ ಕಂಪಿಸುತ್ತ ಕೆಳದನಿಯ ಶಕ್ತಿಯನ್ನು ಸ್ವಲ್ಪ ಕಳೆಯುತ್ತದೆ. ಕಾಂಕ್ರೀಟಿಗೆ ಆ ಗುಣವಿಲ್ಲ. ಹಳೆಯ ಮನೆಗಳನ್ನು ಕೆಡವಿ ತಾರಸಿ ಕಟ್ಟುವಾಗ ಕಿವಿಗೆ ಆಗುವ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದು ನನಗೆ ನಿಜವಾಗಿ ಬೇಸರದ ವಿಷಯ.

ಬಾಸ್ ಬಗೆಗಿನ ಜಗಳವೂ ಇಂಥದ್ದೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 4.5 ಮೀಟರ್ ಉದ್ದದ ಕೋಣೆಯಲ್ಲಿ 38 ಹರ್ಟ್ಜ್ ಆಸುಪಾಸಿನ ಅಲೆಯ ಅರ್ಧಭಾಗ ಗೋಡೆಯಿಂದ ಗೋಡೆಗೆ ಸರಿಯಾಗಿ ಹೊಂದುವುದರಿಂದ ಅಲ್ಲಿ ಸ್ಥಾಯಿ ಅಲೆ ಏರ್ಪಡುತ್ತದೆ: ಗೋಡೆಗಳ ಬಳಿ ಒತ್ತಡ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಬಹುತೇಕ ಸೊನ್ನೆ. ಹಿಂಗೋಡೆಗೆ ಒರಗಿ ಕೂತವರಿಗೆ ಬಾಸ್ ಅತಿಯಾಗುವುದೂ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡವರಿಗೆ ಅದು ಕಾಣೆಯಾಗುವುದೂ ಇದರಿಂದಲೇ. ರಿಸೀವರಿನ ಜೊತೆ ಬರುವ ಮೈಕ್ರೊಫೋನಿನಿಂದ ಕೋಣೆಯನ್ನು ಅಳೆದು ತಿದ್ದುವ ವ್ಯವಸ್ಥೆಗಳು, ಅಂದರೆ ಆಡಿಸ್ಸಿ, ಡಿರಾಕ್, ಯಮಾಹಾದ ವೈಪಿಎಒ ಮೊದಲಾದವು, ಅತಿಯಾದದ್ದನ್ನು ತಗ್ಗಿಸಬಲ್ಲವು. ಸೊನ್ನೆಯಾದ ಜಾಗವನ್ನು ತುಂಬಲು ಅವುಗಳಿಂದಲೂ ಆಗದು, ಏಕೆಂದರೆ ಮೂಲ ಅಲೆಯನ್ನು ಹೆಚ್ಚಿಸಿದರೆ ಅದನ್ನು ಅಳಿಸುವ ಮರುಅಲೆಯೂ ಅಷ್ಟೇ ಹೆಚ್ಚುತ್ತದೆ. ಅಲ್ಲಿ ಆಸನವನ್ನೋ ಸಬ್ ವೂಫರನ್ನೋ ಒಂದೆರಡು ಅಡಿ ಸರಿಸುವುದೇ ಪರಿಹಾರ.

ವಾಟ್ ಲೆಕ್ಕದ ಮಾತುಗಳನ್ನು ಇನ್ನಷ್ಟು ಎಚ್ಚರದಿಂದ ಕೇಳಬೇಕು. ಎಂಬತ್ತು ವಾಟಿನದನ್ನು ಮಾರಿ ನೂರು ವಾಟಿನದನ್ನು ತಂದೆ, ಎಂಥ ಬದಲಾವಣೆ ಎನ್ನುವವರಿದ್ದಾರೆ. ಶಬ್ದದ ಜೋರನ್ನು ಅಳೆಯುವ ಡೆಸಿಬೆಲ್ ಮಾನದಲ್ಲಿ ಲೆಕ್ಕ ಹಾಕಿದರೆ ಆ ಹೆಚ್ಚಳ 1 ಡೆಸಿಬೆಲ್ಲಿಗಿಂತ ಸ್ವಲ್ಪ ಕಡಿಮೆ, ಕಿವಿ ಕಷ್ಟಪಟ್ಟು ಗುರುತಿಸುವಷ್ಟು. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್, ಹತ್ತು ಪಟ್ಟಾದರೆ 10 ಡೆಸಿಬೆಲ್. ನಮ್ಮ ಕಿವಿಗೆ ಶಬ್ದ ಎರಡರಷ್ಟಾಯಿತು ಎನ್ನಿಸುವುದು ಈ ಹತ್ತರ ಆಸುಪಾಸಿನಲ್ಲಿ. ಒಂದು ವಾಟಿಗೆ ಒಂದು ಮೀಟರಿನಲ್ಲಿ 86 ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು 90 ಡೆಸಿಬೆಲ್ ಕೊಡುವುದನ್ನು ಕೊಂಡರೆ ಶಕ್ತಿಯನ್ನು ಎರಡೂವರೆ ಪಟ್ಟು ಹೆಚ್ಚಿಸಿದಂತೆ. ಪೆಟ್ಟಿಗೆಯ ಮೇಲೆ ಅಚ್ಚಾದ ವಾಟುಗಳು ಎಷ್ಟು ವಾಹಿನಿ ನಡೆಯುತ್ತಿದ್ದಾಗ, ಎಷ್ಟು ಓಮ್ ಹೊರೆಗೆ (ಸ್ಪೀಕರಿನ ವಿದ್ಯುತ್ ತಡೆಗೆ), ಧ್ವನಿಯ ಎಷ್ಟು ವಿಕೃತಿಯನ್ನು (ಡಿಸ್ಟಾರ್ಷನ್) ಒಪ್ಪಿಕೊಂಡು ಅಳೆದವು ಎಂಬುದನ್ನು ಅವಶ್ಯವಾಗಿ ನೋಡಬೇಕು. ಎರಡು ವಾಹಿನಿಗೆ ಕೊಟ್ಟ ಸಂಖ್ಯೆ ಏಳು ವಾಹಿನಿ ಒಟ್ಟಿಗೆ ನಡೆದಾಗ ಅನ್ವಯಿಸುವುದಿಲ್ಲ.

ಹಾಗಾದರೆ ನೂರು ವಾಟಿನದನ್ನು ತಂದವರಿಗೆ ಆ ದೊಡ್ಡ ಬದಲಾವಣೆ ಕೇಳಿಸಿದ್ದು ಹೇಗೆ? 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದೇ ಸ್ಪೀಕರುಗಳನ್ನು ಒಂದು ಸಲ ಕಣ್ಣಿಗೆ ಕಾಣುವಂತೆ, ಇನ್ನೊಂದು ಸಲ ತೆರೆಯ ಹಿಂದೆ ಇಟ್ಟು ಕೇಳಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕಣ್ಣಿಗೆ ಕಂಡಾಗ ಗಾತ್ರ, ಬೆಲೆ, ಹೆಸರುಗಳು ಅಂಕಗಳನ್ನು ಗಣನೀಯವಾಗಿ ಬದಲಿಸಿದವು; ಅನುಭವಿ ಕೇಳುಗರೂ ಇದರಿಂದ ಹೊರತಾಗಿರಲಿಲ್ಲ. ಇದರ ಜೊತೆಗೆ ತುಸು ಜೋರಾಗಿರುವುದೇ ಹೆಚ್ಚು ಚೆನ್ನಾಗಿ ಕೇಳಿಸುವ ಗುಣ ನಮ್ಮ ಕಿವಿಗಿದೆ. ಎರಡು ರಿಸೀವರುಗಳ ಮಟ್ಟವನ್ನು ಅಳೆದು ಸಮ ಮಾಡದೆ ಹೋಲಿಸಿದವರ ತೀರ್ಪಿಗೆ, ಅವರು ಎಷ್ಟೇ ಪ್ರಾಮಾಣಿಕರಾದರೂ, ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಮಾತು ಕೇಳಿಸುವುದಿಲ್ಲ, ಗುಂಡಿನ ಸದ್ದು ಮಾತ್ರ ಕಿವಿ ಒಡೆಯುತ್ತದೆ ಎಂಬ ದೂರು ಎಲ್ಲೆಡೆಯೂ ಇದೆಯಾದರೂ ಕೊಡಗಿನಲ್ಲಿ ಅದಕ್ಕೆ ಬೇರೆಯೇ ತೂಕವಿದೆ. ಚಲನಚಿತ್ರದ ಶಬ್ದವನ್ನು ಬೆರೆಸುವ ಸ್ಟುಡಿಯೋಗಳಲ್ಲಿ ಒಂದೊಂದು ವಾಹಿನಿಯ ಉಲ್ಲೇಖ ಮಟ್ಟ 85 ಡೆಸಿಬೆಲ್. ಅದರ ಮೇಲೆ ಸ್ಫೋಟ, ಗುಡುಗುಗಳಿಗೆಂದು ಇನ್ನೂ 20 ಡೆಸಿಬೆಲ್ ಜಾಗ ಬಿಟ್ಟಿರುತ್ತಾರೆ. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ. ಒಟ್ಟು ಮಟ್ಟವನ್ನು ತಗ್ಗಿಸಿದಾಗ ಪಿಸುಮಾತು ಕೋಣೆಯ ಹಿನ್ನೆಲೆ ಸದ್ದಿನ ಮಟ್ಟಕ್ಕೆ ಇಳಿಯುತ್ತದೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಂಚಿನ ಮೇಲೋ ತಗಡಿನ ಶೀಟಿನ ಮೇಲೋ ಹೊಡೆಯುತ್ತಿರುವಾಗ ಆ ಹಿನ್ನೆಲೆ ಎಷ್ಟೆಂದು ಭಾಗಮಂಡಲದವರಿಗೆ ಹೇಳಬೇಕಿಲ್ಲ. ಮಳೆಯ ಸದ್ದು ಒಂದೇ ಸ್ವರದ್ದಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳಲ್ಲೂ ಹರಡಿರುತ್ತದೆ. ಸ, ತ, ಕ, ಚ ಮೊದಲಾದ ವ್ಯಂಜನಗಳನ್ನು ಬೇರ್ಪಡಿಸಿ ತಿಳಿಯಲು ಬೇಕಾದ 2000 ಹರ್ಟ್ಜಿನಿಂದ ಮೇಲಿನ ಭಾಗವನ್ನೂ ಅದು ಮುಚ್ಚಿಬಿಡುತ್ತದೆ. ಸ್ವರಗಳು ಕೇಳಿಸುತ್ತವೆ, ಪದ ತಿಳಿಯುವುದಿಲ್ಲ.

ಇದಕ್ಕೆ ರಿಸೀವರಿನೊಳಗೇ ಎರಡು ಉಪಾಯಗಳಿವೆ. ಮಾತು ಬಹುಪಾಲು ನಡುವಿನ ಸ್ಪೀಕರಿನಿಂದ ಬರುವುದರಿಂದ ಆ ಒಂದು ವಾಹಿನಿಯನ್ನು 2 ಅಥವಾ 3 ಡೆಸಿಬೆಲ್ ಏರಿಸಬಹುದು. ನೈಟ್ ಮೋಡ್ ಎಂದೋ ಡೈನಾಮಿಕ್ ರೇಂಜ್ ಕಂಪ್ರೆಷನ್ ಎಂದೋ ಕರೆಯುವ ಸೌಲಭ್ಯವನ್ನು ಹಾಕಿದರೆ ಅತಿ ಜೋರಿನದು ತಗ್ಗಿ ಅತಿ ಮೆಲ್ಲಗಿನದು ಏರುತ್ತದೆ. ಜೋರು, ಮೆಲ್ಲಗಿನವುಗಳ ಅಂತರವನ್ನು ಹೇಗೆ ಕುಗ್ಗಿಸಬೇಕೆಂಬ ಸೂಚನೆಯನ್ನು ಡಾಲ್ಬಿ ಡಿಜಿಟಲ್ ಸಂಕೇತವೇ ಹೊತ್ತು ತಂದಿರುತ್ತದೆ. ಅದು ರಾತ್ರಿ ಮಕ್ಕಳು ಮಲಗಿರುವಾಗಿನ ಸೌಕರ್ಯ ಮಾತ್ರ ಎಂದು ತಿಳಿದು ಮುಟ್ಟದೆ ಬಿಟ್ಟವರು ಬಹಳ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನು ಹಗಲಿನಲ್ಲೂ ಬಳಸಬೇಕೆಂಬುದು ನನ್ನ ಸಲಹೆ. ಮೈಕ್ರೊಫೋನ್ ಇಟ್ಟು ಕೋಣೆಯನ್ನು ಅಳೆಯುವ ಕೆಲಸವನ್ನು ಮಾತ್ರ ಮಳೆ ನಿಂತ ಹೊತ್ತಿಗೆ ಮಾಡಬೇಕು. ಇಲ್ಲದಿದ್ದರೆ ಅಳತೆಯೊಳಗೆ ಮಳೆಯೂ ಸೇರಿ ತಿದ್ದುಪಡಿಯೇ ತಪ್ಪಾದೀತು. ಮೈಕ್ರೊಫೋನನ್ನು ಸೋಫಾದ ಬೆನ್ನಿನ ಮೇಲೆ ಇಡದೆ, ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಧ್ವನಿಯ ಗುಣದ ಬಗ್ಗೆ. ಅಲ್ಲಿ ಮಾಲೀಕರ ಮಾತಿಗೆ ಮಿತಿಯಿದೆ. ಬಾಳಿಕೆಯ ವಿಷಯದಲ್ಲಿ ಹಾಗಲ್ಲ. ಯಾವ ಪ್ರಯೋಗಾಲಯವೂ ಒಂದು ರಿಸೀವರನ್ನು ಮಡಿಕೇರಿಯ ಮಂಜಿನಲ್ಲಿ ಮೂರು ಮಳೆಗಾಲ ಇಟ್ಟು ನೋಡುವುದಿಲ್ಲ. ಹಾಗೆ ಇಟ್ಟುಕೊಂಡವರು ಮಾತ್ರವೇ ಅದನ್ನು ಬಲ್ಲರು.

ಬಹುತೇಕ ರಿಸೀವರುಗಳಲ್ಲಿ ಇರುವ ಎ.ಬಿ. ವರ್ಗದ ಆಂಪ್ಲಿಫೈಯರ್ ತಾನು ಪಡೆದ ವಿದ್ಯುತ್ತಿನ ದೊಡ್ಡ ಪಾಲನ್ನು ಬಿಸಿಯಾಗಿ ಹೊರಹಾಕುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಊರಿನಲ್ಲಿ ಗಾಳಿ ತಂಪಾಗಿದ್ದರೂ ತುಸು ತೆಳು, ಆದ್ದರಿಂದ ಬಿಸಿಯನ್ನು ಹೊತ್ತೊಯ್ಯುವ ಅದರ ಶಕ್ತಿಯೂ ತುಸು ಕಡಿಮೆ. ಮುಚ್ಚಿದ ಶೋಕೇಸಿನೊಳಗೆ ಇಟ್ಟರೆ ಆ ತಂಪೂ ಒದಗುವುದಿಲ್ಲ. ಒಳಗೆ ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮತ್ತೊಂದು ಕಡೆ ವಾರಗಟ್ಟಲೆ ಬಳಸದೆ ಬಿಟ್ಟ ರಿಸೀವರಿನ ಸಂಪರ್ಕಗಳಲ್ಲಿ ಶೀತ ಸೇರಿ ಆಕ್ಸೈಡ್ ಕಟ್ಟುತ್ತದೆ, ಒಂದು ಸ್ಪೀಕರ್ ಬಿಟ್ಟು ಬಿಟ್ಟು ಕೇಳತೊಡಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಚಾಲೂ ಇಡುವ ಮನೆಯವರ ಪೆಟ್ಟಿಗೆ ಹೆಚ್ಚು ಬಾಳುವುದಕ್ಕೆ ಆ ಮಿತವಾದ ಬಿಸಿಯೇ ಕಾರಣ.

ಗುಂಯ್ ಎನ್ನುವ ಸದ್ದಿನ ದೂರನ್ನು ಪರಿಶೀಲಿಸದೆ ನಂಬಬಾರದು. 50 ಹರ್ಟ್ಜಿನ ಆ ಗುಂಯ್ಗುಡುವಿಕೆ ಅನೇಕ ವೇಳೆ ಡಿಟಿಎಚ್ ಕೇಬಲ್ ಮತ್ತು ಮನೆಯ ಅರ್ಥಿಂಗ್ ನಡುವೆ ಏರ್ಪಟ್ಟ ಸುತ್ತಿನಿಂದ ಬರುತ್ತದೆ. ಕೇಬಲನ್ನು ಕಿತ್ತ ಕೂಡಲೇ ಸದ್ದು ನಿಂತರೆ ರಿಸೀವರ್ ನಿರಪರಾಧಿ. ಕರೆಂಟ್ ಹೋದಾಗ ಮಾತ್ರ ಗುಂಯ್ಗುಟ್ಟಿದರೆ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಸಂಶಯಪಡಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಹಾನಿ ಇವೆಲ್ಲಕ್ಕಿಂತ ದೊಡ್ಡದು, ಮತ್ತು ಅದರಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸ್ಟೆಬಿಲೈಜರ್ ಇದ್ದರೂ ಸುಟ್ಟುಹೋಯಿತು ಎಂದು ಜನ ರಿಸೀವರನ್ನು ದೂರುತ್ತಾರೆ. ಸ್ಟೆಬಿಲೈಜರ್ ಇರುವುದು ನಿಧಾನವಾದ ವೋಲ್ಟೇಜ್ ಏರಿಳಿತಕ್ಕೆ; ಮಿಂಚಿನಿಂದ ಬರುವ ವೋಲ್ಟೇಜಿನ ಹಠಾತ್ ಏರಿಕೆ (ಸರ್ಜ್) ಮೈಕ್ರೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ, ಸ್ಟೆಬಿಲೈಜರ್ ಸ್ಪಂದಿಸುವ ಮೊದಲೇ. ಅದಕ್ಕೆ ಬೇಕಾದದ್ದು ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್. ಅವೂ ಪ್ಲಗ್ಗಿನ ದಾರಿಯನ್ನು ಮಾತ್ರ ಕಾಯುತ್ತವೆ. ರಿಸೀವರಿಗೆ ಡಿಟಿಎಚ್ ಡಿಶ್ಶಿನ ಕೇಬಲ್, ಇಂಟರ್ನೆಟ್ ತಂತಿ, ಎಚ್‌ಡಿಎಂಐ ಇವೆಲ್ಲ ಬೇರೆ ಬೇರೆ ದಾರಿಗಳಿಂದ ತಲಪುತ್ತವೆ, ಮತ್ತು ಆಂಪ್ಲಿಫೈಯರ್ ಭಾಗ ಸರಿಯಿದ್ದು ಎಚ್‌ಡಿಎಂಐ ಬೋರ್ಡ್ ಮಾತ್ರ ಹೋಗಿರುವುದಕ್ಕೆ ಸಾಮಾನ್ಯವಾಗಿ ಈ ಬದಿದಾರಿಗಳೇ ಕಾರಣ. ಮೋಡ ಕಪ್ಪಾದಾಗ ಪ್ಲಗ್ಗಿನ ಜೊತೆಗೆ ಡಿಶ್ ಕೇಬಲನ್ನೂ ಇಂಟರ್ನೆಟ್ ತಂತಿಯನ್ನೂ ಕಳಚಿಡಬೇಕು. ಹಾಗೆ ಹೋದ ಬೋರ್ಡು ಸಿಗುತ್ತದೆಯೇ, ಮೈಸೂರಿಗೆ ಒಯ್ದರೆ ಸಾಕೇ ಅಥವಾ ಬೆಂಗಳೂರಿಗೇ ಕಳಿಸಬೇಕೇ, ಎಷ್ಟು ದಿನ ಕಾಯಬೇಕು, ವಾರಂಟಿಯಲ್ಲಿ ಮಿಂಚಿನ ಹಾನಿಯನ್ನು ಒಪ್ಪುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಆ ರಿಸೀವರನ್ನು ಎರಡು ಮೂರು ವರ್ಷ ಬಳಸಿದ ನೆರೆಯವರು ಕೊಡುವ ಉತ್ತರ, ಅವರು ಅದರ ಇಂಪಿನ ಬಗ್ಗೆ ಹೇಳುವ ಮಾತಿಗಿಂತ ಹೆಚ್ಚು ನಂಬಲರ್ಹ.