ಪಾತ್ರ ಮುಗಿದ ಮೇಲೆ ಆ ಹುಡುಗ ಎಲ್ಲಿಗೆ ಹೋದ?

ಶಾಲೆ ಬಿಟ್ಟು ಚಾಕು ಹಿಡಿದ, ಗಾಂಜಾಕ್ಕೆ ಬಿದ್ದ ಹದಿನೈದರ ಹುಡುಗರ ಕಥೆ ಪರದೆಗೆ ಬಂದಾಗಲೆಲ್ಲ ಮೈಸೂರಿನ ಮನೆಗಳಲ್ಲಿ ಒಂದು ಆತಂಕ ಏಳುತ್ತದೆ: ಇದನ್ನು ನೋಡಿ ನಮ್ಮ ಮಕ್ಕಳು ಕೆಟ್ಟರೆ? ಹೆತ್ತವರ ಈ ಭಯ ಸಹಜ. ಆದರೆ ಆ ಪಾತ್ರ ಮಾಡಿದ ಹುಡುಗ ಎಲ್ಲಿಂದ ಬಂದ, ಚಿತ್ರೀಕರಣ ಮುಗಿದ ಮೇಲೆ ಎಲ್ಲಿಗೆ ಹೋದ ಎಂದು ಕೇಳುವವರು ಕಡಿಮೆ.

ಕನ್ನಡದಲ್ಲಿ ಈ ಪ್ರಶ್ನೆ ಬಹುಕಾಲ ಹುಟ್ಟಲೇ ಇಲ್ಲ. ದಾರಿ ತಪ್ಪಿದ ಹುಡುಗನ ಪಾತ್ರವನ್ನು ನಮ್ಮಲ್ಲಿ ಬೆಳೆದವರೇ ಮಾಡುತ್ತಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನ ಪುಟ್ಟಣ್ಣ 1972ರ ‘ನಾಗರಹಾವು’ ಚಿತ್ರದಲ್ಲಿ ಮುಂಗೋಪಿ ರಾಮಾಚಾರಿಯನ್ನು ಮೈಸೂರಿನಲ್ಲಿ ಹುಟ್ಟಿದ ವಿಷ್ಣುವರ್ಧನ್ ಅವರಿಂದ ಮಾಡಿಸಿದಾಗ ಅವರಿಗೆ 22 ವರ್ಷ. ಆಮೇಲೆ ಬಂದ ರೌಡಿ ಚಿತ್ರಗಳಲ್ಲೂ ಮಚ್ಚು ಹಿಡಿದದ್ದು ಹೆಚ್ಚಾಗಿ ತಾರೆಯರೇ.

ಬೀದಿಯ ಹುಡುಗರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸುವ ಪದ್ಧತಿಗೆ ಬಲ ಬಂದದ್ದು ಯುದ್ಧದಿಂದ ಜರ್ಝರಿತವಾಗಿದ್ದ ಇಟಲಿಯಲ್ಲಿ. ರೋಮ್‌ನಲ್ಲಿ ಬೂಟು ಪಾಲಿಶ್ ಮಾಡುವ ಇಬ್ಬರು ಹುಡುಗರು ಬಾಲಬಂದೀಖಾನೆ ಸೇರುವ ಕಥೆಯನ್ನು ವಿಟ್ಟೋರಿಯೋ ಡಿ ಸಿಕಾ 1946ರಲ್ಲಿ ತೆಗೆದರು. ನಟನೆ ಗೊತ್ತಿಲ್ಲದ ಹುಡುಗರನ್ನೇ ಆರಿಸಿಕೊಂಡರು. 1950ರಲ್ಲಿ ಲೂಯಿ ಬುನ್ಯುಯೆಲ್ ಮೆಕ್ಸಿಕೊ ನಗರದ ಕೊಳೆಗೇರಿ ಮಕ್ಕಳನ್ನು ತೋರಿಸಿದಾಗ ಅಲ್ಲಿನ ಗಣ್ಯರು ದೇಶದ ಮಾನ ಹೋಯಿತೆಂದು ಕೆರಳಿದರು, ಚಿತ್ರ ಕೆಲವೇ ದಿನಗಳಲ್ಲಿ ಥಿಯೇಟರ್ ಬಿಟ್ಟಿತು. ಮರುವರ್ಷ ಕಾನ್ ಉತ್ಸವದಲ್ಲಿ ನಿರ್ದೇಶಕನಿಗೆ ಪ್ರಶಸ್ತಿ ಬಂತು. ಚಿತ್ರದ ಮಾನ ಉಳಿಯಿತು.

ಹುಡುಗರ ಬದುಕು ಉಳಿಯಿತೇ ಎಂಬ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟದ್ದು ಬ್ರೆಜಿಲ್. ಹೆಕ್ಟರ್ ಬಬೆಂಕೊ ಅವರ ‘ಪಿಶೋಟೆ’ ಚಿತ್ರದಲ್ಲಿ ಬಾಲಾಪರಾಧಿಯಾಗಿ ನಟಿಸಿದ ಫರ್ನಾಂಡೊ ರಾಮೋಸ್ ದ ಸಿಲ್ವ ಸಾವೊಪಾಲೊ ಅಂಚಿನ ಬಡ ಬಡಾವಣೆಯ ಹುಡುಗ. ಚಿತ್ರಕ್ಕೆ ಲೋಕಪ್ರಶಂಸೆ ಸಿಕ್ಕಿತು. ಅವನಿಗೆ ನಟನೆಯಲ್ಲಿ ನೆಲೆ ಸಿಗಲಿಲ್ಲ, ಹಳೆಯ ಬೀದಿಗೇ ಮರಳಿದ. 1987ರಲ್ಲಿ ಪೊಲೀಸರ ಗುಂಡಿಗೆ ಸತ್ತಾಗ ಅವನಿಗೆ 19 ವರ್ಷ. ಚಲನಚಿತ್ರದ ಇತಿಹಾಸದಲ್ಲಿ ನನ್ನನ್ನು ಇಷ್ಟು ಕಲಕುವ ಸಾವು ಮತ್ತೊಂದಿಲ್ಲ.

ಮರುವರ್ಷವೇ ‘ಸಲಾಂ ಬಾಂಬೆ’ ಬಂತು. ಮೀರಾ ನಾಯರ್ ಬೀದಿ ಮಕ್ಕಳನ್ನು ಒಂದೆಡೆ ಸೇರಿಸಿ, ರಂಗಕರ್ಮಿ ಬ್ಯಾರಿ ಜಾನ್ ಅವರಿಂದ ಕಮ್ಮಟ ನಡೆಸಿ, ಅವರಲ್ಲಿ ಕೆಲವರನ್ನು ನಟರನ್ನಾಗಿ ಮಾಡಿದರು. ಚಿತ್ರದ ಬೆನ್ನಿಗೇ ಅಂಥ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿತು, ಇಂದಿಗೂ ಕೆಲಸ ಮಾಡುತ್ತಿದೆ. ಇಷ್ಟಾದರೂ ಮುಖ್ಯ ಪಾತ್ರಧಾರಿಯ ಕಥೆ ಸುಲಭದ್ದಲ್ಲ. ಆತ ಬೆಂಗಳೂರಿನಿಂದ ಮುಂಬೈಗೆ ಓಡಿಹೋಗಿದ್ದ ಹುಡುಗ. ರಾಷ್ಟ್ರಪ್ರಶಸ್ತಿ ಪಡೆದ. ಆಮೇಲೆ ಅವಕಾಶಗಳು ಬರಲಿಲ್ಲ. ಬೆಂಗಳೂರಿಗೆ ಮರಳಿ ಆಟೊ ಓಡಿಸಿ ಬದುಕಿದ. ದುಡಿದು ತಿನ್ನುವುದರಲ್ಲಿ ಅವಮಾನವಿಲ್ಲ, ಆದರೆ ಪ್ರತಿಭೆ ಸಾಬೀತಾದ ಮೇಲೂ ಅವನನ್ನು ಕರೆಯದ ಉದ್ಯಮಕ್ಕೆ ಇದೆ.

ನಮ್ಮ ಕಾನೂನು ಇತ್ತ ನೋಡಿದ್ದು ತೀರಾ ತಡವಾಗಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ದುಡಿಮೆಯ ನಿಷೇಧಕ್ಕೆ ಕೊಟ್ಟ ಕೆಲವೇ ವಿನಾಯಿತಿಗಳಲ್ಲಿ ಸಿನಿಮಾ, ಧಾರಾವಾಹಿಗಳೂ ಸೇರಿವೆ. 2017ರ ನಿಯಮಗಳು ಷರತ್ತು ಹಾಕಿದವು: ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು, ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿಯಾಗಬೇಕು. ಒಳ್ಳೆಯ ನಿಯಮಗಳೇ. ಆದರೆ ಈ ಕಾಯ್ದೆಯ ಪ್ರಕಾರ ಮಗು ಎಂದರೆ 14 ತುಂಬದವರು. 14ರಿಂದ 18ರವರು ಬೇರೆ ವರ್ಗ. ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳಿಗೆ ಮಾತ್ರ ಅವರನ್ನು ಹಚ್ಚುವಂತಿಲ್ಲ. ಇಂಥ ಚಿತ್ರಗಳು ಹುಡುಕಿಕೊಂಡು ಬರುವುದು ಸರಿಯಾಗಿ ಆ ವಯಸ್ಸಿನವರನ್ನೇ!

ಮೈಸೂರಿಗೆ ಇದು ದೂರದ ಮಾತಲ್ಲ. ರಂಗಾಯಣದ ಚಿನ್ನರ ಮೇಳ ವರ್ಷಗಳಿಂದ ಮಕ್ಕಳಿಗೆ ರಂಗದ ರುಚಿ ಹತ್ತಿಸಿದೆ, ನಟಿಸಬಲ್ಲ ಹುಡುಗರಿಗೆ ಈ ಊರಿನಲ್ಲಿ ಬರವಿಲ್ಲ. ಹಳೆಯ ಮೊಹಲ್ಲಾಗಳಲ್ಲೋ ಮಂಡ್ಯದ ಬಸ್ ನಿಲ್ದಾಣದ ಸುತ್ತಲೋ ನಾಳೆ ಯಾರಾದರೂ ಕ್ಯಾಮೆರಾ ಇಟ್ಟರೆ, ಹದಿನಾರರ ಹುಡುಗನಿಗೂ ಆ ಠೇವಣಿ ಕಟ್ಟಬೇಕು, ಅವನ ಓದು ನಿಲ್ಲದಂತೆ ಕರಾರಿನಲ್ಲೇ ಬರೆಯಬೇಕು. ಸಹಿ ಹಾಕಲು ಹೆತ್ತವರಿಲ್ಲದ ಹುಡುಗನಾದರೆ ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳದೆ ಅವನನ್ನು ಸೆಟ್‌ಗೆ ಕರೆತರಬಾರದು. ಜಿಲ್ಲಾಧಿಕಾರಿ ಕಚೇರಿ ಚಿತ್ರೀಕರಣದ ಅನುಮತಿ ಪತ್ರದಲ್ಲೇ ಈ ಷರತ್ತುಗಳನ್ನು ಸೇರಿಸಲಿ.